ಕೌನ್ಸೆಲರ್‌ಗೆ ಮೊದಲು ಒಂದು ಕೋಣೆ ಕೊಡಿ

ಮಾನ್ಯರೇ,

ಮೊದಲೆಲ್ಲ ಶಾಲೆಯಲ್ಲಿ ಕೌನ್ಸೆಲರ್ ಅಂದರೆ ತಂಟೆ ಮಾಡುವ ಮಕ್ಕಳಿಗೆ ಬುದ್ಧಿ ಹೇಳುವವರು, ಇಲ್ಲವೇ ಎಸ್ಸೆಸ್ಸೆಲ್ಸಿ ಆದ ಮೇಲೆ ಸೈನ್ಸೋ ಕಾಮರ್ಸೋ ಎಂದು ತಿಳಿಸುವವರು. ಈಗ ಪರೀಕ್ಷೆಯ ಭಯ, ಮೊಬೈಲ್ ಗೀಳು, ಮನೆಯ ಜಗಳ ಎಲ್ಲವೂ ಅವರ ಮುಂದೆಯೇ ಬರುತ್ತವೆ. ಆದರೆ ಅವರು ಸಿಗುವುದು ಯಾವಾಗ?

ನನ್ನ ಮಗಳ ಶಾಲೆಯಲ್ಲಿ ಬುಧವಾರ ಮಾತ್ರ. ಅದೂ ಆಟದ ಸಾಮಾನು ಇಡುವ ರೂಮಿನಲ್ಲಿ. ಮಗು ಅಳುತ್ತಾ ಕೂತಿರುವಾಗಲೇ ಯಾರೋ ಬಂದು ಥ್ರೋಬಾಲ್ ಕೇಳುತ್ತಾರೆ. ಯಾರಾದರೂ ಟೀಚರ್ ರಜೆ ಹಾಕಿದರೆ ಆ ಪೀರಿಯಡ್ಡೂ ಇವರ ತಲೆಗೇ. ಹೀಗಾದರೆ ಯಾವ ಮಗು ಬಾಯಿ ಬಿಡುತ್ತದೆ? ಅಲ್ಲಿಗೆ ಹೋದವರಿಗೆ ‘ಏನೋ ಪ್ರಾಬ್ಲಂ’ ಅಂತ ಗುಸುಗುಸು ಬೇರೆ.

ಸರ್ಕಾರಿ ಶಾಲೆಗಳ ಕತೆ ಕೇಳಲೇಬೇಡಿ. ಮೊಟ್ಟೆ ಹಂಚಿ, ಮಕ್ಕಳ ವಿವರ ದಾಖಲಿಸುವ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ಗೆ ಮಾಹಿತಿ ತುಂಬಿ, ಪಾಠವನ್ನೂ ಮಾಡುವ ಟೀಚರೇ ಇದನ್ನೂ ನೋಡಿಕೊಳ್ಳಬೇಕು.

ಮಾನಸಿಕ ಆರೋಗ್ಯದ ದೊಡ್ಡ ಆಸ್ಪತ್ರೆ ನಿಮ್ಹಾನ್ಸ್ ಇರುವುದು ನಮ್ಮ ಊರಲ್ಲೇ ಅಲ್ವಾ? 2022ರಲ್ಲಿ ಶುರುವಾದ, ಮನಸ್ಸಿನ ಕಷ್ಟಕ್ಕೆ ಫೋನಿನಲ್ಲೇ ಸಲಹೆ ಕೊಡುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ದಿನದ 24 ಗಂಟೆಯೂ ಪುಕ್ಕಟೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಆ ನಂಬರೂ ಇಲ್ಲ. ಶಾಲೆಯಲ್ಲಿ ಮಕ್ಕಳ ಕೈಗೆ ಫೋನೇ ಸಿಗುವುದಿಲ್ಲ, ಅದು ಬೇರೆ ಮಾತು.

ಸ್ಮಾರ್ಟ್ ಕ್ಲಾಸ್, ಸ್ವಿಮ್ಮಿಂಗ್ ಪೂಲ್ ಎಂದು ಫೀಸ್ ಏರಿಸುವ ಶಾಲೆಗಳು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ವಾರವಿಡೀ ಸಿಗುವ ಒಬ್ಬ ಕೌನ್ಸೆಲರ್ ಕೊಡಲಿ. ಮುಂದಿನ ಪೋಷಕರ ಸಭೆಯಲ್ಲಿ ಬರೀ ಮಾರ್ಕ್ಸ್ ಬಗ್ಗೆ ಕೇಳದೆ ನಾವೂ ಇದನ್ನು ಕೇಳೋಣ.

– ಒಬ್ಬ ತಾಯಿ, ಬಸವೇಶ್ವರನಗರ, ಬೆಂಗಳೂರು