ಫೈಲಿಗೆ ಸಹಿ ಬೀಳುವ ಮುಂಚೆ

ಮಂಡ್ಯ

ಚಿ. ಕಾವ್ಯಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದ.

ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ನಿನಗೆ ಕೆಲಸ ಸಿಕ್ಕಿದ್ದನ್ನು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ತುಂಬಾ ಸಂತೋಷವಾಯಿತು. ನಮ್ಮ ಮನೆಯಲ್ಲಿ ಲಾ ಓದಿದ ಮೊದಲ ಹೆಣ್ಣುಮಗಳು ನೀನು. ಏನು ಕೆಲಸ ಅಂತ ಕೇಳಿದ್ದಕ್ಕೆ, "ಸರ್ಕಾರದ ಜೊತೆ ಮಾತಾಡೋ ವಿಭಾಗವಂತೆ ಕಣಣ್ಣ, ಹೊಸ ಕಾನೂನು ಬರುವಾಗ ಕಂಪನಿ ಪರವಾಗಿ ಮನವಿ ಬರೆಯೋದಂತೆ" ಅಂದ. ಅವನಿಗೆ ಅದು ಪೂರ್ತಿ ಅರ್ಥವಾದಂತಿರಲಿಲ್ಲ. ನನಗೆ ಆಯಿತು. ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ನೀನು ಇನ್ನು ಮುಂದೆ ಹೋಗಿ ಕೂರುವ ಮೇಜಿನ ಇನ್ನೊಂದು ಬದಿಯಲ್ಲಿ ಕೂತಿದ್ದವನು.

ಕೆಲಸ ಬೇಡ ಅಂತ ಹೇಳುವುದಕ್ಕೆ ಬರೆಯುತ್ತಿಲ್ಲ. ಕಂಪನಿಗಳೂ ತಮ್ಮ ಕಷ್ಟ ಹೇಳಿಕೊಳ್ಳಬೇಕು. ಅದರಲ್ಲಿ ತಪ್ಪಿಲ್ಲ. ಎಷ್ಟೋ ಸಲ ಅವರು ಹೇಳುವುದು ಸರಿಯಾಗಿಯೇ ಇರುತ್ತದೆ. ಆದರೆ ಆ ಮೇಜಿನ ಹತ್ತಿರ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಅನ್ನುವುದನ್ನು ನೀನು ಮೊದಲ ದಿನದಿಂದಲೇ ಗಮನಿಸಬೇಕು.

ತಾಲ್ಲೂಕು ಕಚೇರಿಯಲ್ಲಿ ನಾನು ಕಂಡದ್ದು ಹೇಳುತ್ತೇನೆ. ರೈತ ಬರುತ್ತಿದ್ದ. ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ, ಅಂಗಿ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಬಾಗಿಲ ಹತ್ತಿರ ನಿಲ್ಲುತ್ತಿದ್ದ. ಅರ್ಜಿಯನ್ನು ಹೊರಗೆ ಟೈಪಿಂಗ್ ಅಂಗಡಿಯವನ ಕೈಲಿ ಬರೆಸಿರುತ್ತಿದ್ದ, ಸರ್ವೆ ನಂಬರೇ ತಪ್ಪಾಗಿರುತ್ತಿತ್ತು. ಕಂಪನಿಯವರೂ ಬರುತ್ತಿದ್ದರು. ಸ್ಪೈರಲ್ ಬೈಂಡ್ ಮಾಡಿಸಿದ ಫೈಲು, ಬಣ್ಣದ ನಕ್ಷೆ, ಹಳೇ ಸುತ್ತೋಲೆಗಳ ಪ್ರತಿ, ಕೋರ್ಟಿನ ಆದೇಶ, ಎಲ್ಲಾ ಜೋಡಿಸಿಕೊಂಡು. ಎಷ್ಟೋ ಸಲ ನಾವು ಬರೆಯಬೇಕಾದ ಟಿಪ್ಪಣಿಯನ್ನೂ ಅವರೇ ಬರೆದು ತರುತ್ತಿದ್ದರು, ಪೆನ್‌ಡ್ರೈವ್‌ನಲ್ಲಿ. ವಿಷಯ ನಿರ್ವಾಹಕನ ಮೇಜಿನ ಮೇಲೆ ರಾಶಿ ಕಡತ. ಅವನು ಯಾವುದನ್ನು ಮೊದಲು ಮೇಲಕ್ಕೆ ಕಳಿಸುತ್ತಾನೆ ಹೇಳು? ಎಲ್ಲಾ ಸಿದ್ಧವಾಗಿರುವುದನ್ನೇ. ಅಲ್ಲಿ ಒಂದು ರೂಪಾಯಿ ಲಂಚ ನಡೆದಿರಬೇಕಾಗಿಲ್ಲ. ಜನ ಲಂಚದ ಬಗ್ಗೆ ಮಾತ್ರ ಮಾತಾಡುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಚಿಂತೆ ಇರುವುದು ಇದರ ಬಗ್ಗೆ. ಸಹಿ ಬೀಳುವ ಮುಂಚೆ ಯಾರ ಕಾಗದ ಅಲ್ಲಿಗೆ ತಲುಪುತ್ತದೋ ಅವರ ಮಾತೇ ಆದೇಶವಾಗುತ್ತದೆ.

ಎರಡು ಜುಲೈ ತಿಂಗಳು ನೆನಪಿಸಿಕೋ. 2024ರ ಜುಲೈ 15ಕ್ಕೆ ನಮ್ಮ ರಾಜ್ಯದ ಸಚಿವ ಸಂಪುಟ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70. ಉದ್ಯಮದವರು ಗಟ್ಟಿಯಾಗಿ ಬೇಡ ಅಂದರು. 17ಕ್ಕೆ ಸರ್ಕಾರ ಅದನ್ನು ತಡೆಹಿಡಿಯಿತು. ಮಸೂದೆ ಸರಿಯೋ ತಪ್ಪೋ, ಆ ವಾದ ಈಗ ಬೇಡ. ಎರಡೇ ದಿನದಲ್ಲಿ ಕಿವಿ ಮುಟ್ಟಿತು, ಅದು ಮುಖ್ಯ. ಇನ್ನು ದೇವನಹಳ್ಳಿ ಕಡೆಯ ಚನ್ನರಾಯಪಟ್ಟಣ ಹೋಬಳಿಯ ರೈತರನ್ನು ನೋಡು. 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗೆ ಕೊಡುವುದಿಲ್ಲ ಅಂತ 2022ರಲ್ಲಿ ಧರಣಿ ಕೂತರು. ಬಿಸಿಲು ಮಳೆ ಎನ್ನದೆ ಕೂತರು. ಸ್ವಾಧೀನ ಕೈಬಿಡುತ್ತೇವೆ ಅಂತ ಮುಖ್ಯಮಂತ್ರಿಗಳು ಹೇಳಿದ್ದು 2025ರ ಜುಲೈ 15ಕ್ಕೆ. ಒಬ್ಬರಿಗೆ ಎರಡು ದಿನ, ಇನ್ನೊಬ್ಬರಿಗೆ ಮೂರು ವರ್ಷಕ್ಕೂ ಜಾಸ್ತಿ. ಎರಡೂ ತೀರ್ಮಾನ ಹೇಳಿದ ಸರ್ಕಾರ ಒಂದೇ, ವಿಧಾನಸೌಧ ಒಂದೇ.

ಯಾಕೆ ಹೀಗೆ ಅಂದರೆ ಒಂದು ಕಾರಣ ದುಡ್ಡು. ಕಂಪನಿಯೊಂದು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 7.5ಕ್ಕಿಂತ ಜಾಸ್ತಿ ರಾಜಕೀಯ ಪಕ್ಷಗಳಿಗೆ ಕೊಡುವ ಹಾಗಿರಲಿಲ್ಲ. 2017ರಲ್ಲಿ ಆ ಮಿತಿ ತೆಗೆದರು. ಮರುವರ್ಷ ಚುನಾವಣಾ ಬಾಂಡ್ ಬಂತು, ಅಂದರೆ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ದೇಣಿಗೆಯಾಗಿ ಕೊಡುವ ಪತ್ರ. ಯಾರು ಯಾರಿಗೆ ಕೊಟ್ಟರು ಅನ್ನುವುದು ಓಟು ಹಾಕುವವನಿಗೆ ಗೊತ್ತೇ ಆಗುತ್ತಿರಲಿಲ್ಲ. ಹೀಗೆ ಮಾರಾಟವಾದ ಬಾಂಡ್ 16 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ಕೊನೆಗೆ 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದು ಮಾಡಿತು. ಓಟುದಾರನಿಗೆ ತಿಳಿಯುವ ಹಕ್ಕಿದೆ, ಕಂಪನಿಗಳು ಮಿತಿಯಿಲ್ಲದೆ ಕೊಡುವುದು ಸಮಾನತೆಗೆ ವಿರುದ್ಧ ಅಂತ ಹೇಳಿತು. ಆ ತೀರ್ಪನ್ನು ನೀನು ಪೂರ್ತಿ ಓದು. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುವ ಮಾತು ಪಕ್ಷಗಳಿಗೂ ಗೊತ್ತಿದೆ. ಅಲ್ಲೇ ತೊಂದರೆ ಇರುವುದು.

ಇದರಿಂದ ನಮ್ಮಂಥವರ ಮನೆಗೆ ಏನಾಗುತ್ತದೆ? 2023ರಲ್ಲಿ ನಮ್ಮ ರಾಜ್ಯದಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ದಿನಕ್ಕೆ 12 ಗಂಟೆವರೆಗೂ ದುಡಿಸಲು ಅವಕಾಶ ಮಾಡಿದರು. ವಾರಕ್ಕೆ 48 ಗಂಟೆ ಅನ್ನುವುದು ಹಾಗೇ ಇದೆ. ಮೊಬೈಲ್ ತಯಾರಿಸುವ ದೊಡ್ಡ ಕಂಪನಿಗಳು ಕೇಳಿದ್ದರಿಂದ ಇದಾಯಿತು ಅಂತ ಆಗ ಪತ್ರಿಕೆಗಳಲ್ಲಿ ಬಂತು. ನಮ್ಮ ಬೀದಿಯಿಂದ ಗೆಜ್ಜಲಗೆರೆ ಕಡೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳನ್ನು ನೀನು ನೋಡಿದ್ದೀಯ. ಕೋಳಿ ಕೂಗುವ ಹೊತ್ತಿಗೆ ಎದ್ದು, ಮಕ್ಕಳಿಗೆ ಡಬ್ಬಿ ಕಟ್ಟಿ, ವ್ಯಾನ್ ಹಿಡಿಯುತ್ತಾರೆ. ಅಂಥವರಿಗೆ ಪಾಳಿ 12 ಗಂಟೆ ಆದರೆ, ಹೋಗಿ ಬರುವ ಹೊತ್ತೂ ಸೇರಿ, ಮಕ್ಕಳ ಮುಖ ನೋಡುವುದು ಯಾವಾಗ? ತಿದ್ದುಪಡಿ ಆಗುವ ಮುಂಚೆ ಅವರಲ್ಲಿ ಒಬ್ಬರನ್ನಾದರೂ ಯಾರಾದರೂ ಕರೆದು ಕೇಳಿದ್ದು ನಾನಂತೂ ಕಂಡಿಲ್ಲ.

ಕಬ್ಬಿನ ವಿಷಯ ನಿನಗೆ ಹೊಸದಾಗಿ ಹೇಳಬೇಕಿಲ್ಲ. ಆದರೂ ಲಾಯರ್ ಆಗಿ ಒಂದು ಸಲ ನೋಡು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಬಾಕಿ ಉಳಿಸಿಕೊಂಡರೆ ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಬಹುದು. ಕಾನೂನು ಪೂರ್ತಿ ರೈತನ ಕಡೆಗೇ ಇದೆ! ಆದರೂ ಬಡ್ಡಿ ಕೈಗೆ ಬಂತು ಅಂದ ರೈತ ನಮ್ಮೂರಲ್ಲಿ ನನಗೆ ಸಿಕ್ಕಿಲ್ಲ. ಕಟಾವಿಗೆ ಕಾರ್ಖಾನೆಯ ಪರ್ಮಿಟ್ ಕಾಯಬೇಕು, ಯಾರ್ಡಿನಲ್ಲಿ ಟ್ರಾಕ್ಟರ್ ಸಾಲಿನಲ್ಲಿ ಕಾಯಬೇಕು, ಕಾದಷ್ಟೂ ಕಬ್ಬು ಒಣಗಿ ತೂಕ ಇಳಿಯುತ್ತದೆ. ಆಮೇಲೆ ದುಡ್ಡಿಗೆ ಕಾಯಬೇಕು. ಬಡ್ಡಿ ಕೇಳಿದರೆ ಮುಂದಿನ ಸಲ ಪರ್ಮಿಟ್ ತಡವಾದೀತು ಅನ್ನುವ ಭಯ. ಕಾನೂನು ಬರೆದರೆ ಸಾಲದು ಕಾವ್ಯ, ಅದನ್ನು ಜಾರಿ ಮಾಡಿ ಅಂತ ದಿನಾ ಹೋಗಿ ಕೇಳುವವರೂ ಬೇಕು. ಕಂಪನಿಗೆ ಅದಕ್ಕಾಗಿಯೇ ಸಂಬಳ ಕೊಟ್ಟು ಇಟ್ಟುಕೊಂಡ ಜನ ಇರುತ್ತಾರೆ. ಈಗ ನೀನೂ ಅವರಲ್ಲಿ ಒಬ್ಬಳು.

ಜನ ಕೇಳಿದರೆ ಆಗುವುದಿಲ್ಲ ಅಂತಲ್ಲ. 1933ರ ನಮ್ಮ ಮೈಶುಗರ್ ಸಕ್ಕರೆ ಕಾರ್ಖಾನೆಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವ ಮಾತು ಬಂದಾಗ ಮಂಡ್ಯದವರು ಬೀದಿಗಿಳಿದರು. 2022ರಲ್ಲಿ ಸರ್ಕಾರವೇ ಅದನ್ನು ಮತ್ತೆ ಶುರು ಮಾಡಿತು. ಕೆಆರ್‌ಎಸ್ ಹತ್ತಿರದ ಬೇಬಿಬೆಟ್ಟದ ಕಲ್ಲು ಗಣಿಗಾರಿಕೆ ವಿಷಯದಲ್ಲೂ ಎಷ್ಟು ವರ್ಷ ಕೂಗಾಡಿದರು. ಕೆಆರ್‌ಎಸ್ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಗಣಿಗಾರಿಕೆ ಬೇಡ ಅಂತ ಹೈಕೋರ್ಟ್ ಹೇಳಿದ್ದು 2024ರ ಜನವರಿಯಲ್ಲಿ. ಗೆದ್ದರು, ನಿಜ. ಆದರೆ ಪ್ರತಿ ಸಲವೂ ಹೊಲ ಮನೆ ಬಿಟ್ಟು ರಸ್ತೆಯಲ್ಲಿ ಕೂತೇ ಗೆಲ್ಲಬೇಕು ಅಂದರೆ ಅದು ನ್ಯಾಯವಾ?

ಈಗ ನಿನಗೆ ನಾನು ಹೇಳುವುದು. ಯಾವ ಅಧಿಕಾರಿಯನ್ನು ಯಾವತ್ತು ಕಂಡೆ, ಏನು ಕೇಳಿದೆ ಅಂತ ಡೈರಿಯಲ್ಲಿ ಬರೆದಿಡು. ಅಮೆರಿಕದಲ್ಲಿ ಈ ಕೆಲಸ ಮಾಡುವವರು ನೋಂದಣಿ ಮಾಡಿಸಿ ಲೆಕ್ಕ ಕೊಡಬೇಕು ಅಂತ 1995ರ ಕಾನೂನಿದೆ. ನಮ್ಮಲ್ಲಿ ಅಂಥದ್ದಿಲ್ಲ. ಇಲ್ಲದಿದ್ದರೂ ನೀನು ಇಡು. ಕಾಗದದಲ್ಲಿ ಬರೆಯಲು ಹಿಂಜರಿಕೆ ಆಗುವ ಮಾತನ್ನು ಬಾಯಲ್ಲೂ ಕೇಳಬೇಡ. ನೀನು ಕೊಟ್ಟ ಮನವಿ ನಾಳೆ ಆರ್‌ಟಿಐನಲ್ಲಿ ಹೊರಗೆ ಬಂದು, ಊರಿನ ಅರಳಿಕಟ್ಟೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿದರೂ ನೀನು ತಲೆ ತಗ್ಗಿಸುವ ಹಾಗಿರಬಾರದು. ದೀಪಾವಳಿ ಡಬ್ಬಿ, ಬೆಳ್ಳಿ ತಟ್ಟೆ, ಅಧಿಕಾರಿಯ ಮಗನಿಗೆ ಕೆಲಸ, ಇವುಗಳಿಗೆ ನಿನ್ನ ಕೈ ಸೇರಿಸಬೇಡ. ಮೊದಲ ಸಲ ಬೇಡ ಅನ್ನುವುದು ಕಷ್ಟ. ಆದರೆ ಒಮ್ಮೆ ಅಂದುಬಿಟ್ಟರೆ ಮತ್ತೆ ಯಾರೂ ನಿನ್ನನ್ನು ಕೇಳುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಮನಸ್ಸಿಟ್ಟು ಓದು. ಕೇಂದ್ರದ ಕರಡು ಕಾನೂನುಗಳನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕು ಅಂತ 2014ರಲ್ಲೇ ತೀರ್ಮಾನವಾಗಿದೆ. ಆದರೆ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ನಿಯಮದ ಬಗ್ಗೆ 2020ರಲ್ಲಿ ಪರಿಸರ ಪರಿಣಾಮ ಕರಡು ಅಧಿಸೂಚನೆ ಬಂದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಸಂವಿಧಾನದ ಎಂಟನೇ ಅನುಸೂಚಿಯ ಎಲ್ಲಾ ಭಾಷೆಗೂ ಅನುವಾದಿಸಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಪಾಂಡವಪುರದ ರೈತ ಓದಲಾಗದ ಕರಡಿಗೆ ಆಕ್ಷೇಪಣೆ ಎಲ್ಲಿಂದ ಬರೆಯುತ್ತಾನೆ? ನಿನ್ನ ಮೇಜಿಗೆ ಕರಡು ಬಂದಾಗಲೆಲ್ಲ, ಇದು ಜಾರಿಯಾದರೆ ಯಾರ ಗದ್ದೆಗೆ, ಯಾರ ನೀರಿಗೆ, ಯಾರ ನಿದ್ದೆಗೆ ತಗಲುತ್ತದೆ ಅಂತ ನಿನ್ನ ಟಿಪ್ಪಣಿಯಲ್ಲಿ ಒಂದು ಪ್ಯಾರಾ ಬರೆ. ಮೇಲಿನವರು ಹೊಡೆದುಹಾಕಿದರೆ ಹಾಕಲಿ. ನೀನು ಬರೆ. ಸಂಬಳ ಕೊಡುವವರಿಗೆ ನಿಷ್ಠೆ ಇರಲಿ. ಅದಕ್ಕಾಗಿ ಸುಳ್ಳು ಬರೆ ಅಂದ ದಿನ ಎದ್ದು ಬಾ. ಮನೆ ಇದೆ, ಗದ್ದೆ ಇದೆ, ನಾವಿದ್ದೇವೆ.

ಇದರ ಜೊತೆ ಒಂದು ಮನವಿಯ ಕರಡು ಇಟ್ಟಿದ್ದೇನೆ. ನಮ್ಮ ಕಡೆ ಒಂದು ಕಾರ್ಖಾನೆಯಿಂದ ಹೋದ ಹಂಗಾಮಿನ ಬಾಕಿ ಇನ್ನೂ ಬರಬೇಕು. ಬಡ್ಡಿ ಸಮೇತ ಕೊಡಿಸಿ ಅಂತ ಡಿ.ಸಿ. ಸಾಹೇಬರಿಗೆ ಬರೆದಿದ್ದೇವೆ. ನಿನ್ನ ಕಂಪನಿಗೂ ಆ ಕಾರ್ಖಾನೆಗೂ ಸಂಬಂಧ ಇದೆಯಾ ಅಂತ ಮೊದಲು ನೋಡಿಕೋ. ಇದ್ದರೆ ಮುಟ್ಟಲೇಬೇಡ, ಹಾಗೇ ವಾಪಸ್ ಕಳಿಸು. ಇಲ್ಲದಿದ್ದರೆ ಕಲಂ ನಂಬರು ಸರಿಯಾಗಿದೆಯಾ, ಬಡ್ಡಿ ಲೆಕ್ಕ 14ನೇ ದಿನದ ನಂತರದಿಂದ ಹಿಡಿದಿದ್ದೇವಾ ನೋಡಿ ತಿದ್ದು. ಸೋಮವಾರ ಎಲ್ಲರೂ ಸೇರಿ ಕೊಡಲು ಹೋಗುತ್ತಿದ್ದೇವೆ, ಭಾನುವಾರ ಸಂಜೆಯೊಳಗೆ ವಾಟ್ಸಾಪ್ ಮಾಡು.

ಇಂತಿ ನಿನ್ನ
ದೊಡ್ಡಪ್ಪ