ಮನೆಯಲ್ಲಿ ಬರ್ನ್ ಮಾಡಿದ ಡಿವಿಡಿಗಳನ್ನು ಓದದ ಪ್ಲೇಯರ್ ಕುರಿತು ದೂರು

ಇಂದ:
ಒಬ್ಬ ಗ್ರಾಹಕ, ವಿದ್ಯಾನಗರ, ದಾವಣಗೆರೆ

ಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ವಾರಂಟಿ ಅವಧಿಯಲ್ಲಿ ಕೆಟ್ಟ ಡಿವಿಡಿ ಪ್ಲೇಯರನ್ನು ಪರೀಕ್ಷಿಸದೆ ಹಿಂದಿರುಗಿಸಿರುವ ಬಗ್ಗೆ.

ಮಾನ್ಯರೇ,

ಏಳು ತಿಂಗಳ ಹಿಂದೆ ದಾವಣಗೆರೆಯ ಅಂಗಡಿಯೊಂದರಲ್ಲಿ ನಿಮ್ಮ ಕಂಪನಿಯ ಡಿವಿಡಿ ಪ್ಲೇಯರನ್ನು ಒಂದು ವರ್ಷದ ವಾರಂಟಿಯೊಂದಿಗೆ ಕೊಂಡೆ. ಅದು ಈಗ ನಾನು ಬರ್ನ್ ಮಾಡಿದ (ಕಂಪ್ಯೂಟರಿನಲ್ಲಿ ಬರೆದ) ಯಾವ ಡಿಸ್ಕನ್ನೂ ಓದುತ್ತಿಲ್ಲ. ನಿಮ್ಮ ಸರ್ವಿಸ್ ಸೆಂಟರಿನವರು ಪ್ಲೇಯರಿನ ಮುಚ್ಚಳವನ್ನೂ ತೆಗೆಯದೆ, 'ಡಿಸ್ಕ್ ದೋಷ' ಎಂದು ಚೀಟಿ ಬರೆದು ವಾಪಸು ಕೊಟ್ಟಿದ್ದಾರೆ. ಆ ಚೀಟಿಯ ಮಾತು ತಪ್ಪು ಎಂಬುದನ್ನು ತೋರಿಸಲು ಈ ಪತ್ರ ಬರೆಯುತ್ತಿದ್ದೇನೆ.

ಈ ಪ್ಲೇಯರನ್ನು ಕೊಂಡಿದ್ದು ಭರಮಸಾಗರದ ನಮ್ಮ ಮನೆಯಲ್ಲಿರುವ ತಾಯಿಗಾಗಿ. ಅವರಿಗೆ ಎಪ್ಪತ್ತೆಂಟು ವರ್ಷ. ಮೊಬೈಲಿನಲ್ಲಿ ವಿಡಿಯೊ ಹುಡುಕಿ ನೋಡುವುದು ಅವರಿಂದಾಗದು, ಆದರೆ ಟ್ರೇ ಹೊರಗೆ ಬಂದರೆ ಡಿಸ್ಕ್ ಇಟ್ಟು ಗುಂಡಿ ಒತ್ತುವುದನ್ನು ಚೆನ್ನಾಗಿ ಕಲಿತಿದ್ದಾರೆ. 2006ರಲ್ಲಿ ನನ್ನ ತಂಗಿಯ ಮದುವೆಯಲ್ಲಿ ದೊಡ್ಡಮ್ಮ ಹಾಡಿದ ಸೋಬಾನೆ ಪದಗಳು ಮಿನಿ ಡಿವಿ ಎಂಬ ಕ್ಯಾಮೆರಾ ಟೇಪಿನಲ್ಲಿದ್ದವು. ದೊಡ್ಡಮ್ಮ ಈಗಿಲ್ಲ. ಆ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ ಡಿವಿಡಿ ಮಾಡಿ ಕೊಟ್ಟೆ. ಮೊದಲ ಮೂರು ತಿಂಗಳು ತಾಯಿ ಅದನ್ನು ಇದೇ ಪ್ಲೇಯರಿನಲ್ಲಿ ಹೆಚ್ಚುಕಡಿಮೆ ದಿನವೂ ನೋಡಿದರು. ನಾಲ್ಕನೆಯ ತಿಂಗಳಿನಿಂದ ಚಿತ್ರ ನಡುನಡುವೆ ನಿಲ್ಲತೊಡಗಿತು. ಈಗ ಡಿಸ್ಕ್ ಇಟ್ಟರೆ ಒಳಗೆ ಎರಡು ಮೂರು ಸಲ ಗಿರ್ರೆಂದು ಸುತ್ತಿ, ಪರದೆಯ ಮೇಲೆ 'ನೋ ಡಿಸ್ಕ್' ಎಂದು ತೋರಿಸಿ ಸುಮ್ಮನಾಗುತ್ತದೆ.

ಮನೆಯಲ್ಲಿ ಮಾಡಿದ ಡಿಸ್ಕ್‌ಗಳಲ್ಲಿ ತಪ್ಪಾಗುವುದು ಸುಲಭ ಎಂಬುದನ್ನು ನಾನು ಒಪ್ಪುತ್ತೇನೆ. ನನ್ನ ಮೊದಲ ಪ್ರಯತ್ನದಲ್ಲಿ ಎಂಪಿ4 ಫೈಲನ್ನು ಹಾಗೆಯೇ ಡೇಟಾ ಡಿಸ್ಕಾಗಿ ನಕಲು ಮಾಡಿದ್ದೆ. ಅದು ಕಂಪ್ಯೂಟರಿನಲ್ಲಿ ಓಡಿತು, ಪ್ಲೇಯರಿನಲ್ಲಿ ಓಡಲಿಲ್ಲ, ಮತ್ತು ಆ ತಪ್ಪು ನನ್ನದೇ ಆಗಿತ್ತು. ಆಮೇಲೆ ವಿಡಿಯೊವನ್ನು ಡಿವಿಡಿಗೆ ಬೇಕಾದ ಎಂಪೆಗ್-2 ರೂಪಕ್ಕೆ, ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ನ ಅಳತೆ 720×576ಕ್ಕೆ, ಸೆಕೆಂಡಿಗೆ 25 ಫ್ರೇಮುಗಳಂತೆ ಪರಿವರ್ತಿಸಿ, ಪ್ಲೇಯರ್ ಹುಡುಕುವ ವಿಡಿಯೊ_ಟಿಎಸ್ ಫೋಲ್ಡರಿನೊಳಗೆ ಐಎಫ್ಒ (ಮಾಹಿತಿ), ವಿಒಬಿ (ಚಿತ್ರ ಮತ್ತು ಧ್ವನಿ) ಫೈಲುಗಳು ಇರುವಂತೆ ಸರಿಯಾದ ಡಿವಿಡಿ-ವಿಡಿಯೊ ಡಿಸ್ಕ್ ಮಾಡಿದೆ. 4.7 ಜಿಬಿಯ ಡಿವಿಡಿ-ಆರ್ (ಒಮ್ಮೆ ಮಾತ್ರ ಬರೆಯಬಹುದಾದ) ಡಿಸ್ಕ್‌ಗೆ, ವೇಗ ಹೆಚ್ಚಾದರೆ ಬರವಣಿಗೆ ಕೆಡಬಹುದೆಂದು 16ಎಕ್ಸ್ ಬಿಟ್ಟು 4ಎಕ್ಸ್ ವೇಗದಲ್ಲೇ ಬರೆದು, ಕೊನೆಯಲ್ಲಿ ಫೈನಲೈಸ್ ಕೂಡ (ಪ್ಲೇಯರುಗಳು ಓದುವಂತೆ ಬರವಣಿಗೆಯನ್ನು ಮುಗಿಸುವುದು) ಮಾಡಿದ್ದೇನೆ. ತಟ್ಟೆಯ ಸಮತೋಲ ತಪ್ಪಬಾರದೆಂದು ಮೇಲೆ ಕಾಗದದ ಲೇಬಲ್ ಅಂಟಿಸಿಲ್ಲ, ಮಾರ್ಕರಿನಿಂದ ಹೆಸರಷ್ಟೇ ಬರೆದಿದ್ದೇನೆ. ಮೂರು ತಿಂಗಳು ಇದೇ ಪ್ಲೇಯರಿನಲ್ಲಿ ಓಡಿದ್ದು ಈ ಡಿಸ್ಕೇ.

ಡಿಸ್ಕ್ ಹಳತಾಗಿ ಕೆಟ್ಟಿರಬಹುದೇ ಎಂಬ ಅನುಮಾನ ನನಗೂ ಬಂತು. ಆದ್ದರಿಂದ ಬೇರೆ ಬ್ರ್ಯಾಂಡಿನ ಡಿವಿಡಿ-ಆರ್ ಒಂದನ್ನೂ ಬರೆಯಬಹುದಾದ ಇನ್ನೊಂದು ಬಗೆಯಾದ ಡಿವಿಡಿ+ಆರ್ ಒಂದನ್ನೂ ತಂದು ಹೊಸದಾಗಿ ಬರೆದೆ. ಹಳೆಯದೂ ಸೇರಿ ಮೂರು ಡಿಸ್ಕ್‌ಗಳೂ ಪಕ್ಕದ ಮನೆಯ ಹತ್ತು ವರ್ಷದ ಹಳೆಯ ಪ್ಲೇಯರಿನಲ್ಲಿ, ಚಿತ್ರದುರ್ಗದಲ್ಲಿರುವ ನಮ್ಮ ಭಾವನವರ ಪ್ಲೇಯರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಎಲ್ಲೂ ನಿಲ್ಲದೆ ಓಡಿದವು. ನಿಮ್ಮ ಪ್ಲೇಯರಿನಲ್ಲಿ ಮೂರೂ ಓಡಲಿಲ್ಲ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್ ಮಾತ್ರ ಓಡುತ್ತಿದೆ.

ನಿಮ್ಮ ತಂತ್ರಜ್ಞರು ಹಿಡಿದುಕೊಂಡಿದ್ದು ಈ ಕೊನೆಯ ಸಂಗತಿಯನ್ನೇ. ಅವರು ನನ್ನ ಡಿಸ್ಕನ್ನು ತಿರುಗಿಸಿ ಕೆಳಗಿನ ನೇರಳೆ ಬಣ್ಣ ನೋಡಿದವರೇ, "ಇದು ಬರ್ನ್ ಮಾಡಿದ್ದು ಸರ್, ನಮ್ಮ ಪ್ಲೇಯರ್ ಸರಿ ಇದೆ" ಎಂದು ಕೌಂಟರಿನ ಮೇಲಿಟ್ಟರು. ಅದನ್ನು ಒಮ್ಮೆಯೂ ಟ್ರೇಯೊಳಗೆ ಹಾಕಲಿಲ್ಲ. ಕಾರ್ಖಾನೆಯ ಡಿಸ್ಕಿನಲ್ಲಿ ಗುಳಿಗಳು ಅಚ್ಚಾಗಿರುತ್ತವೆ. ಬರ್ನ್ ಮಾಡಿದ್ದರಲ್ಲಿ ಲೇಸರ್ ಕಿರಣವು ಬಣ್ಣದ ಪದರವನ್ನು ಸುಟ್ಟ ಗುರುತುಗಳಷ್ಟೇ ಇರುತ್ತವೆ. ಪ್ಲೇಯರಿನ ಲೇಸರ್ ದುರ್ಬಲವಾದಾಗ ಅಥವಾ ಲೆನ್ಸಿಗೆ ಧೂಳು ಕೂತಾಗ ಸಾಮಾನ್ಯವಾಗಿ ಮೊದಲು ಕೈಕೊಡುವುದು ಈ ಎರಡನೆಯ ಬಗೆಯ ಡಿಸ್ಕೇ. ಹೀಗಿರುವಾಗ ಸಿನಿಮಾ ಡಿಸ್ಕ್ ಓಡಿತೆಂಬ ಒಂದೇ ಕಾರಣಕ್ಕೆ ಪ್ಲೇಯರ್ ಸರಿಯಿದೆ ಎನ್ನಲಾಗದು. ಮೇಲಾಗಿ, ನಿಮ್ಮ ಪೆಟ್ಟಿಗೆಯ ಮೇಲೆಯೇ ಡಿವಿಡಿ-ಆರ್, ಡಿವಿಡಿ+ಆರ್ ಓಡುತ್ತವೆ ಎಂದು ಅಚ್ಚಾಗಿದೆ. ಅದನ್ನು ಓದಿಯೇ ನಾನು ಹಣ ಕೊಟ್ಟಿದ್ದು.

ಆದ್ದರಿಂದ ನನ್ನ ಎದುರಿನಲ್ಲೇ ಈ ಮೂರು ಡಿಸ್ಕ್‌ಗಳನ್ನು ಹಾಕಿ ಪರೀಕ್ಷಿಸಿ, ಲೇಸರ್ ಘಟಕವನ್ನು ಉಚಿತವಾಗಿ ಬದಲಿಸಿಕೊಡಬೇಕು. ಅದಾಗದಿದ್ದರೆ ಬೇರೆ ಪ್ಲೇಯರನ್ನಾಗಲಿ ಪೂರ್ತಿ ಹಣವನ್ನಾಗಲಿ ಕೊಡಬೇಕೆಂದು ಕೋರುತ್ತೇನೆ. 'ಡಿಸ್ಕ್ ದೋಷ' ಎಂಬ ಚೀಟಿಯನ್ನು ಲಿಖಿತವಾಗಿ ಹಿಂಪಡೆಯಬೇಕು. ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಭರಮಸಾಗರದಿಂದ ಪ್ಲೇಯರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಎರಡು ಸಲ ತಂದಿದ್ದೇನೆ. ಪರೀಕ್ಷೆಯ ದಿನ ತಿಳಿಸಿದರೆ ಮೂರನೆಯ ಸಲವೂ ತರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)

ಅಡಕ: ಬಿಲ್ ಮತ್ತು ವಾರಂಟಿ ಕಾರ್ಡಿನ ಪ್ರತಿ, ಸರ್ವಿಸ್ ಸೆಂಟರಿನ ಚೀಟಿಯ ಪ್ರತಿ, ಪೆಟ್ಟಿಗೆಯ ಮೇಲಿನ ಬರಹದ ಫೋಟೊ. ಡಿಸ್ಕ್‌ಗಳನ್ನು ಕಳಿಸಿಲ್ಲ, ಪರೀಕ್ಷೆಯ ದಿನ ನಾನೇ ತರುತ್ತೇನೆ.