ಒಂದೇ ನೀರಿಗೆ ಬಿಚ್ಚಿಹೋದ ನಿರಿಗೆ ಪಟ್ಟಿ

ನಮಸ್ಕಾರ,

ನಿಮ್ಮಿಂದ 12 ಮೀಟರ್ ನಿರಿಗೆ ಪಟ್ಟಿ ತರಿಸಿಕೊಂಡಿದ್ದೆ. ಬಿಳಿ ಬಣ್ಣ, 5 ಸೆಂ.ಮೀ. ಅಗಲ, ನೈಫ್ ಪ್ಲೀಟ್, ಅಂದರೆ ನಿರಿಗೆಗಳೆಲ್ಲ ಒಂದೇ ಕಡೆ ಮಲಗುವಂಥದ್ದು. ಮಗಳ ಗೌನಿಗೆ ಕೆಳಗಿನಿಂದ ಮೂರು ಸುತ್ತು ಹಚ್ಚಲು. ನೂರಕ್ಕೆ ನೂರು ಪಾಲಿಯೆಸ್ಟರ್, ಪರ್ಮನೆಂಟ್ ಪ್ಲೀಟ್, ಒಗೆದರೂ ನಿರಿಗೆ ಹೋಗುವುದಿಲ್ಲ ಅಂತ ನೀವೇ ಬರೆದಿದ್ದಿರಿ. ಒಗೆದೆ. ಹೋಯಿತು.

ಅದೂ ಮೆಷಿನ್‌ಗೆ ಹಾಕಿದ್ದಲ್ಲ. ತಣ್ಣೀರಲ್ಲಿ ಅದ್ದಿ, ಹಿಂಡದೆ, ನೆರಳಲ್ಲಿ ಒಣಗಿಸಿದ್ದು. ಒಣಗಿದ ಮೇಲೆ ನೋಡಿದರೆ ಹೊಲಿಗೆ ಬಿದ್ದ ಮೇಲಂಚಿನಲ್ಲಿ ಮಾತ್ರ ನಿರಿಗೆ ಉಳಿದಿದೆ, ಕೆಳಗೆಲ್ಲ ಮುದುಡಿದ ಬಟ್ಟೆ.

ನಿಮ್ಮವರಿಗೆ ಹೇಳಿದರೆ "ಇಸ್ತ್ರಿ ಹಾಕಿ, ಸರಿಹೋಗುತ್ತೆ" ಅಂದರು. ಒಂದೊಂದು ನಿರಿಗೆ 1 ಸೆಂ.ಮೀ., ಅಂದರೆ 12 ಮೀಟರಿಗೆ 1,200 ನಿರಿಗೆ, ಅದನ್ನೆಲ್ಲ ಪ್ರತಿ ಸಲ ಒಗೆದಾಗಲೂ ಒಂದೊಂದಾಗಿ ಮಡಿಚಿ ಇಸ್ತ್ರಿ ಹಾಕುತ್ತಾ ಕೂರುವುದಾದರೆ ನಾನೇ ಮನೆಯಲ್ಲಿ ನಿರಿಗೆ ಹಿಡಿಯುತ್ತಿದ್ದೆ, ನಿಮ್ಮಿಂದ ಯಾಕೆ ತರಿಸಬೇಕಿತ್ತು?

ಅನುಮಾನ ಬಂದು ಒಂದು ಎಳೆ ಕಿತ್ತು ಬೆಂಕಿ ತೋರಿಸಿದೆ. ಪಾಲಿಯೆಸ್ಟರ್ ಆಗಿದ್ದರೆ ಕರಗಿ, ಆರಿದ ಮೇಲೆ ತುದಿಯಲ್ಲಿ ಗಟ್ಟಿ ಮಣಿ ಉಳಿಯಬೇಕು, ಅಲ್ವಾ? ಇದು ಕಾಗದ ಸುಟ್ಟ ವಾಸನೆ ಬಂದು ಬೂದಿಯಾಯಿತು. ಬೆರಳಲ್ಲಿ ಉಜ್ಜಿದರೆ ಪುಡಿ. ಕಾಟನ್ನೋ ರೇಯಾನೋ ಗೊತ್ತಿಲ್ಲ, ಪಾಲಿಯೆಸ್ಟರ್ ಅಂತೂ ಅಲ್ಲ. ಪಾಲಿಯೆಸ್ಟರ್ ಬಿಸಿಗೆ ಮೆತ್ತಗಾಗಿ, ತಣ್ಣಗಾದಾಗ ಮಡಿಚಿದ ಆಕಾರದಲ್ಲೇ ನಿಲ್ಲುತ್ತದೆ. ಅದಕ್ಕೇ ಆ ನಿರಿಗೆ ಪರ್ಮನೆಂಟ್. ಹತ್ತಿ ಬಟ್ಟೆಗೆ ಸುಮ್ನೆ ಎಷ್ಟು ಬಿಸಿ ಒತ್ತಿದರೂ ನೀರು ಬಿದ್ದ ಕೂಡಲೇ ಮಡಿಕೆ ಸಡಿಲ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ.

ಕಾಟನ್ ಅಂತ ಮೊದಲೇ ಹೇಳಿದ್ದರೆ ಬೇಜಾರೇನೂ ಇರಲಿಲ್ಲ. ನಿರಿಗೆ ಬಿಟ್ಟು ದಾರ ಎಳೆದು ಫ್ರಿಲ್ ಮಾಡಿಕೊಳ್ಳುತ್ತಿದ್ದೆ. ಫ್ರಿಲ್‌ಗೆ ಚೂಪಾದ ಮಡಿಕೆಯೇ ಇರುವುದಿಲ್ಲ, ಒಗೆದರೆ ಕೆಡುವುದೇನು?

ಇನ್ನೊಂದು ವಿಷಯ. ನೈಫ್ ಪ್ಲೀಟ್ ಒಂದಕ್ಕೊಂದು ತಾಗುವಂತೆ ಪೂರ್ತಿ ಹಿಡಿದರೆ 10 ಸೆಂ.ಮೀ. ಪಟ್ಟಿಗೆ 30 ಸೆಂ.ಮೀ. ಬಟ್ಟೆ ಬೇಕು. ನೀವು ಹಾಕಿದ ಫೋಟೋದಲ್ಲೂ ಹಾಗೇ ಕಾಣುತ್ತದೆ. ನನಗೆ ಬಂದದ್ದರಲ್ಲಿ 10 ಸೆಂ.ಮೀ. ಹೊಲಿಗೆ ಬಿಚ್ಚಿ ಅಳೆದರೆ 18 ಬಂತು. ಒಳಗೆ ಮಡಿಚಿದ್ದು ಅರ್ಧ ಸೆಂಟಿಮೀಟರೂ ಇಲ್ಲ. ಅಷ್ಟು ಕಡಿಮೆ ಬಟ್ಟೆಗೆ ನಿರಿಗೆ ತುಂಬಿಕೊಂಡು ಕಾಣುವುದಾದರೂ ಹೇಗೆ?

12 ಮೀಟರ್ ಒಂದೇ ತುಂಡೂ ಅಲ್ಲ, ಮೂರು ತುಂಡು ಸೇರಿಸಿ ಹೊಲಿದಿದ್ದೀರಿ. ಅದನ್ನಾದರೂ ಸಹಿಸಬಹುದಿತ್ತು, ಆದರೆ ಒಂದು ತುಂಡಿನ ನಿರಿಗೆ ಎಡಕ್ಕೆ ಮಲಗಿದರೆ ಪಕ್ಕದ್ದು ಬಲಕ್ಕೆ ಮಲಗಿದೆ, ಅದು ಸರಿಯಾಗಿ ಗೌನಿನ ಮುಂಭಾಗಕ್ಕೇ ಬಂದು ಕೂತಿದೆ. ನಾನೂ ಹಚ್ಚುವಾಗ ನೋಡಿಕೊಳ್ಳಬೇಕಿತ್ತು, ಒಪ್ಪುತ್ತೇನೆ. ನಿರಿಗೆ ಒಂದೇ ಕಡೆ ಮಲಗಿಸಿರುತ್ತಾರೆ ಅಂತ ನಂಬಿದ್ದು ನನ್ನ ತಪ್ಪು.

ಪೂರ್ತಿ ಹಣ ವಾಪಸ್ ಬೇಕು. ಬದಲಿ ಪಟ್ಟಿ ಬೇಡ, ಕೂಪನ್ನೂ ಬೇಡ. ಆ ಪಟ್ಟಿಯ ವಿವರದಿಂದ ಪಾಲಿಯೆಸ್ಟರ್, ಪರ್ಮನೆಂಟ್ ಅನ್ನುವ ಎರಡು ಮಾತು ತೆಗೆಯಿರಿ. "ಬಳಸಿದ ಮಾಲು ವಾಪಸ್ ಇಲ್ಲ" ಅಂತ ಮಾತ್ರ ಹೇಳಬೇಡಿ, ಹಚ್ಚಿ ಒಗೆಯದೆ ಇದು ಗೊತ್ತಾಗುವುದು ಹೇಗೆ? ಮೂರು ಸುತ್ತಿನ ಹೊಲಿಗೆ ಬಿಚ್ಚುವ ಕೆಲಸ ಹೇಗೂ ನನ್ನ ಪಾಲಿಗೇ ಬಂದಿದೆ.

ಮಿಕ್ಕಿದ ಒಂದು ಮೀಟರ್ ನೀರು ಮುಟ್ಟಿಸದೆ ಹಾಗೇ ಇಟ್ಟಿದ್ದೇನೆ. ಬೇಕಿದ್ದರೆ ಕಳಿಸುತ್ತೇನೆ, ನೀವೇ ಒಂದು ಬಕೆಟ್ ನೀರಲ್ಲಿ ಅದ್ದಿ ನೋಡಿ.